‘ಸೂನ್’ ಅಂದರೆ ಎಷ್ಟು ಹೊತ್ತು

ಆ ಕಾಲದಲ್ಲಿ ನಮ್ಮೂರಿಗೆ ತ್ರೀ ಫೇಸ್ ಕರೆಂಟು ದಿನಕ್ಕೆ ಆರು ಗಂಟೆ ಮಾತ್ರ ಬರುತ್ತಿತ್ತು. ಒಂದು ವಾರ ಬೆಳಗಿನ ಪಾಳಿಯಾದರೆ ಮುಂದಿನ ವಾರ ಮಧ್ಯಾಹ್ನದ್ದು. ಊರಿನ ಊಟ, ಸ್ನಾನ, ಜಗಳ, ಹೊಲದ ಕೆಲಸ ಎಲ್ಲವೂ ಆ ಪಾಳಿಗೆ ಹೊಂದಿಕೊಂಡಿದ್ದವು. ಕರೆಂಟು ಬಂತೆಂದು ತಿಳಿಯಲು ಯಾರೂ ಬಲ್ಬಿನ ಕಡೆ ನೋಡುತ್ತಿರಲಿಲ್ಲ. ಗುಡಿ ಪಕ್ಕದ ಹಿಟ್ಟಿನ ಮಿಲ್ಲು ಗುಂಯ್ ಎಂದು ಶುರುವಾಗುತ್ತಿತ್ತು, ಅಷ್ಟು ಸಾಕಿತ್ತು. ಹೆಂಗಸರು ರಾಗಿ ಡಬ್ಬ ಹೊತ್ತು ಆ ಕಡೆ ಹೊರಟರೆ, ಗಂಡಸರು ಪಂಪ್‌ಸೆಟ್ಟಿನ ಕಡೆ ಹೊರಡುತ್ತಿದ್ದರು. ಮಂಡ್ಯದ ಹತ್ತಿರದ ಕೊತ್ತತ್ತಿಯಿಂದ ಆಚೆಗಿನ ನಮ್ಮ ಭಾಗದಲ್ಲಿ ಕೆಳಗಿನ ಗದ್ದೆಗಳಿಗೆ ನಾಲೆಯ ನೀರು ಬರುತ್ತಿತ್ತು. ಮೇಲಿನ ಹೊಲಗಳಿಗೆ ಮಾತ್ರ ಬಾವಿಯೇ ಗತಿ. ಈಗ ನಲವತ್ತು ದಾಟಿದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಆ ವರ್ಷ ಐದನೇ ಕ್ಲಾಸಿನ ಹುಡುಗಿ. ಆಗೆಲ್ಲ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದೇ ಐದನೇ ಕ್ಲಾಸಿನಲ್ಲಿ. ಮನೆಯಲ್ಲಿ ಇನ್ನೊಬ್ಬರು ಇಂಗ್ಲಿಷ್ ಓದುತ್ತಿದ್ದರು, ನನ್ನ ಚಿಕ್ಕಪ್ಪ ನಂಜುಂಡ. ಅಪ್ಪನ ಒಬ್ಬನೇ ತಮ್ಮ, ಇಪ್ಪತ್ತೊಂದು ವರ್ಷ. ಪಿಯುಸಿಯ ಉಳಿದ ಸಬ್ಜೆಕ್ಟುಗಳನ್ನೆಲ್ಲ ಪಾಸು ಮಾಡಿಕೊಂಡು ಇಂಗ್ಲಿಷ್ ಒಂದರಲ್ಲೇ ಎರಡು ಸಲ ಡುಮ್ಕಿ ಹೊಡೆದಿದ್ದ. ಅಪ್ಪ ಮಂಡ್ಯದ ಒಂದು ರೈಸ್‌ಮಿಲ್ಲಿನಲ್ಲಿ ಮೇಸ್ತ್ರಿ, ಬೆಳಗ್ಗೆ ಹೋದರೆ ಕತ್ತಲಿಗೇ ಬರುತ್ತಿದ್ದುದು. ಅಮ್ಮ ನನ್ನ ತಮ್ಮನ ಬಾಣಂತನಕ್ಕೆಂದು ಮಳವಳ್ಳಿಯ ತವರಿನಲ್ಲಿದ್ದಳು. ಹೀಗಾಗಿ ಆ ಸುಗ್ಗಿಯಲ್ಲಿ ಮನೆಯೆಂದರೆ ಅಜ್ಜಿ, ಚಿಕ್ಕಪ್ಪ ಮತ್ತು ನಾನು.

ಸಂಜೆ ದನ ಕಟ್ಟಿ ಕೈಕಾಲು ತೊಳೆದು ಬಂದು ಚಿಕ್ಕಪ್ಪ ಜಗಲಿಯ ಮೇಲೆ ನನ್ನ ಪಕ್ಕ ಕೂರುತ್ತಿದ್ದ. ಅವನ ಮೈಯಿಂದ ಕಬ್ಬಿನ ಸೋಗೆಯ ವಾಸನೆ, ಲೈಫ್‌ಬಾಯ್ ಸೋಪಿನ ವಾಸನೆ ಎರಡೂ ಒಟ್ಟಿಗೆ ಬರುತ್ತಿದ್ದವು. ನಾನು ಕ್ಯಾಟು ರ‍್ಯಾಟು ಓದಿದರೆ ಅವನು ಗೈಡು ಇಟ್ಟುಕೊಂಡು ಪ್ರಬಂಧ ಬಾಯಿಪಾಠ ಮಾಡುತ್ತಿದ್ದ. ನನಗೆ ತಿಳಿಯದ್ದನ್ನು ಅವನೇ ಹೇಳಿಕೊಡಬೇಕು, ಅವನಿಗೆ ತಿಳಿಯದ್ದನ್ನು ಹೇಳಿಕೊಡುವವರು ಊರಿನಲ್ಲಿ ಯಾರೂ ಇರಲಿಲ್ಲ.

ಒಂದು ದಿನ ಮೇಷ್ಟ್ರು ‘ಐ ವಿಲ್ ಕಮ್ ಸೂನ್’ ಎಂಬ ವಾಕ್ಯ ಬರೆಸಿ, ಸೂನ್ ಅಂದರೆ ಬೇಗ, ಎಂದು ಅರ್ಥ ಕೊಟ್ಟಿದ್ದರು. ಹೆಸರಲ್ಲದ, ಕಣ್ಣಿಗೆ ಕಾಣದ ಒಂದು ಇಂಗ್ಲಿಷ್ ಮಾತು ನನಗೆ ಸಿಕ್ಕಿದ್ದು ಅದೇ ಮೊದಲು. ಕ್ಯಾಟನ್ನು ಬೆರಳು ಮಾಡಿ ತೋರಿಸಬಹುದು, ಇದನ್ನು ಹೇಗೆ ತೋರಿಸುವುದು?

‘ಚಿಕ್ಕಪ್ಪ, ಬೇಗ ಅಂದ್ರೆ ಎಷ್ಟೊತ್ತು?’ ಎಂದು ಕೇಳಿದೆ.

ಅವನು ಗೈಡು ಮುಚ್ಚಿ ಯೋಚನೆ ಮಾಡಿದ. ‘ನೋಡು ಮಗ, ನಿಮ್ಮಜ್ಜಿ ಮುದ್ದೆ ಮಾಡಿಟ್ಟು ಬಾರ್ಲಾ ಅಂತಾಳಲ್ಲ, ಆಗ ಹೋಗ್ಬೇಕಲ್ಲ, ಅದು ಸೂನಲ್ಲ. ಅದು ಈಗ್ಲೇ. ನಿಮ್ಮಪ್ಪ ಮದ್ದೂರಿಂದ ವಡೆ ತತ್ತೀನಿ ಅಂತಾನಲ್ಲ, ಅದು ಸೂನು.’

‘ಅಪ್ಪ ತರೋದೇ ಇಲ್ವಲ್ಲ?’

‘ಅದುಕ್ಕೇ ಹೇಳಿದ್ದು, ಸೂನು ಅಂತ.’

ಅಜ್ಜಿ ಒಳಗಿನಿಂದ, ‘ಅದೇನ್ಲಾ ಸೂನು ಸೂನು ಅಂತ ಬಡ್ಕತೀರಿ, ಬಂದು ಉಣ್ರಲಾ’ ಎಂದು ಕೂಗಿದಳು. ನಾವಿಬ್ಬರೂ ಒಟ್ಟಿಗೆ ‘ಸೂನ್!’ ಎಂದೆವು. ಆಮೇಲೆ ಅದೊಂದು ಆಟವೇ ಆಯಿತು. ನೀರು ತಾ ಎಂದರೆ ಸೂನ್, ದೀಪ ಹಚ್ಚು ಎಂದರೆ ಸೂನ್. ಅಜ್ಜಿಗೂ ಅರ್ಥವಾಗಿ, ‘ಸೂನೂ ಬ್ಯಾಡ ಗೀನೂ ಬ್ಯಾಡ, ಏಳು ಮ್ಯಾಕೆ’ ಎಂದು ಬೆನ್ನಿಗೊಂದು ಬಿಡುತ್ತಿದ್ದಳು.

ಅಜ್ಜಿಯ ಮನೆಯಲ್ಲಿ ಕೆಲವು ಕಟ್ಟುಪಾಡುಗಳಿದ್ದವು. ಹೊಸಿಲ ಮೇಲೆ ಕೂರಬಾರದು, ಸಂಜೆ ಕಸ ಆಚೆ ಹಾಕಬಾರದು. ಎಲ್ಲಕ್ಕಿಂತ ದೊಡ್ಡದು, ಹೊಸಿಲು ದಾಟಿ ಹೊರಟವರನ್ನು ಹಿಂದಿನಿಂದ ಕೂಗಬಾರದು. ಎಲ್ಲಿಗೆ ಎಂದೂ ಕೇಳಬಾರದು. ಅಕಸ್ಮಾತ್ ಕೂಗಿದರೆ ಹೊರಟವರು ವಾಪಸ್ ಬಂದು, ಕೂತು, ಒಂದು ಲೋಟ ನೀರು ಕುಡಿದು, ಮತ್ತೆ ಹೊಸದಾಗಿ ಹೊರಡಬೇಕು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇದು ಇತ್ತು. ಕೆಲವರು ಬಾಯಿಮಾತಿಗೆ ಪಾಲಿಸುತ್ತಿದ್ದರು. ಅಜ್ಜಿ ಮನಸ್ಸಿಟ್ಟು ಪಾಲಿಸುತ್ತಿದ್ದಳು.

ಚಿಕ್ಕಪ್ಪ ಮೂರನೇ ಸಲ ಪರೀಕ್ಷೆಗೆ ಹೊರಟ ಬೆಳಗ್ಗೆ ನಾನು ಆ ತಪ್ಪು ಮಾಡಿದೆ. ಅವನು ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ತೊಟ್ಟು, ಅಜ್ಜಿಯ ಕಾಲಿಗೆ ಬಿದ್ದು ಹೊರಟಿದ್ದ. ಬೀದಿ ತಿರುವಿಗೆ ಹೋಗಿರಬೇಕು, ಪೆನ್ನು ಜಗಲಿಯ ಮೇಲೇ ಇತ್ತು. ‘ಚಿಕ್ಕಪ್ಪಾ, ಪೆನ್ನೂ!’ ಎಂದು ಕಿರುಚಿದೆ. ಅವನು ನಗುತ್ತ ವಾಪಸ್ ಬಂದ. ಪೆನ್ನು ಇಸಿದುಕೊಂಡು ಹೊರಡುತ್ತಿದ್ದನೇನೋ, ಅಜ್ಜಿ ಬಿಡಲಿಲ್ಲ. ಕೂರಿಸಿದಳು, ನೀರು ಕುಡಿಸಿದಳು, ದೇವರ ಮುಂದೆ ನಿಲ್ಲಿಸಿದಳು. ಅಷ್ಟರಲ್ಲಿ ಎಂಟೂವರೆ ಬಸ್ಸು ಹೋಗಿಬಿಟ್ಟಿತ್ತು. ಯಾರದೋ ಟ್ರ್ಯಾಕ್ಟರು ಹತ್ತಿ ಮಂಡ್ಯ ಸೇರುವ ಹೊತ್ತಿಗೆ ಪರೀಕ್ಷೆ ಶುರುವಾಗಿ ಅರ್ಧ ಗಂಟೆ ಕಳೆದಿತ್ತಂತೆ. ನವೆಂಬರಿನಲ್ಲಿ ಫಲಿತಾಂಶ ಬಂತು. ನಾಲ್ಕು ಮಾರ್ಕು ಕಮ್ಮಿ.

ಚಿಕ್ಕಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ, ‘ಹೋಗ್ಲಿ ಬುಡವ್ವ, ಮಾರ್ಚಿಗೆ ಕಟ್ತೀನಿ’ ಎಂದು ಎದ್ದು ಹೊಲಕ್ಕೆ ಹೋದ. ಅಜ್ಜಿ ಮಾತ್ರ ಬಿಡಲಿಲ್ಲ. ಒಲೆ ಮುಂದೆ ಕೂತಾಗ, ಹಿತ್ತಲಲ್ಲಿ ಪಾತ್ರೆ ಬೆಳಗುವಾಗ, ನೆಂಟರು ಬಂದಾಗ ಅದೇ ಮಾತು. ‘ಇವ್ಳು ಇಂದಿಂದ ಕೂಗ್ದೆ ಇದ್ದಿದ್ರೆ ನನ್ ಮಗ ಪಾಸಾಗಿ ಕೆಲಸಕ್ಕೆ ಸೇರ್ಕತಿದ್ದ.’ ಹತ್ತು ವರ್ಷದ ನಾನು ಅದನ್ನು ನಂಬಿದೆ. ಆ ನಾಲ್ಕು ಮಾರ್ಕು ನನ್ನಿಂದಲೇ ಹೋದದ್ದು ಎಂದು ರಾತ್ರಿ ಕೌದಿಯೊಳಗೆ ಅತ್ತಿದ್ದೇನೆ.

ಅಷ್ಟು ಹೊತ್ತಿಗೆ ಅವರೆಕಾಯಿ ಕಾಲ ಶುರುವಾಗಿತ್ತು. ಬೆಳಗಿನ ಮಂಜು, ಮನೆ ತುಂಬ ಸೊಗಡು. ಸಾಯಂಕಾಲ ಅವರೆಕಾಳು ನೆನೆಹಾಕಿ ಬೆಳಗ್ಗೆ ಹಿತುಕಲು ಕೂತರೆ ಬೆರಳ ತುದಿಯೆಲ್ಲ ಸುಕ್ಕು. ಹಿತುಕಿದ ಕಾಳು ಒಂದೊಂದೇ ಪುಳಕ್ಕನೆ ಹಾರಿ ಚಿಕ್ಕಪ್ಪನ ಕಡೆ ಬೀಳುವಂತೆ ನಾನು ಗುರಿ ಇಡುತ್ತಿದ್ದೆ. ಅವನು ಬಾಯಿ ತೆರೆದು ಹಿಡಿಯುತ್ತಿದ್ದ. ದೂರದಲ್ಲಿ ಆಲೆಮನೆಯ ಹೊಗೆ, ಬೆಲ್ಲ ಕುದಿಯುವ ವಾಸನೆ. ಬದುಕಿನಲ್ಲಿ ಅಷ್ಟು ಚೆನ್ನಾಗಿ ಉಂಡ ಬೇರೆ ಕಾಲ ನನಗೆ ನೆನಪಿಲ್ಲ.

ಆಗ ಪಂಪ್‌ಸೆಟ್ಟಿರುವವರೆಲ್ಲ ಸ್ಟಾರ್ಟರಿನ ಜೊತೆಗೆ ‘ಆಟೋ’ ಎಂಬ ಒಂದು ಸಣ್ಣ ಡಬ್ಬಿ ಹಾಕಿಸಿಕೊಂಡಿದ್ದರು. ಅದನ್ನು ಒತ್ತಿಟ್ಟು ಬಂದರೆ ಕರೆಂಟು ಬಂದೊಡನೆ ಮೋಟರು ತಾನೇ ಓಡುತ್ತಿತ್ತು. ಸ್ವಿಚ್ಚು ಹಾಕಲು ಹೊಲದವರೆಗೆ ನಡೆಯಬೇಕಾಗಿರಲಿಲ್ಲ. ಬಾವಿಗೆ ಇಳಿಯುವ ಮೊದಲು ಫ್ಯೂಸು ಕಿತ್ತು ಜೇಬಿನಲ್ಲಿಟ್ಟುಕೊಳ್ಳಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಯಾರೂ ಮಾಡುತ್ತಿರಲಿಲ್ಲ. ಪಾಳಿಯ ಹೊತ್ತು ಗೊತ್ತಿದ್ದ ಮೇಲೆ ಯಾಕೆ ಕೀಳಬೇಕು? ಎರಡು ಗಂಟೆಗೆ ಕರೆಂಟು ಎಂದರೆ ಎರಡರವರೆಗೆ ಆ ವೈರಿನಲ್ಲಿ ಏನೂ ಇಲ್ಲ ಎಂದೇ ಲೆಕ್ಕ.

ಅವತ್ತು ಭಾನುವಾರ. ಅಪ್ಪ ಅಮ್ಮನನ್ನೂ ಮಗುವನ್ನೂ ನೋಡಲು ಬೆಳಗ್ಗೇ ಮಳವಳ್ಳಿಗೆ ಹೋಗಿದ್ದರು. ಆ ವಾರ ನಮಗೆ ಮಧ್ಯಾಹ್ನ ಎರಡರ ಪಾಳಿ. ನಾನು ಪಕ್ಕದ ಮನೆ ಹುಡುಗಿಯ ಜೊತೆ ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆ. ಒಂಬತ್ತು ಗಂಟೆ ಇರಬಹುದು, ಲೈನ್‌ಮ್ಯಾನ್ ಚೌಡಣ್ಣ ಸೈಕಲ್ಲಿನಲ್ಲಿ ಬಂದ. ಒಳ್ಳೆಯ ಮನುಷ್ಯ, ಪಾಳಿ ಬದಲಾದರೆ ಪಂಪ್‌ಸೆಟ್ಟಿರುವ ಮನೆಮನೆಗೂ ಹೇಳಿ ಹೋಗುತ್ತಿದ್ದ. ಇಳಿಯದೆ, ಒಂದು ಕಾಲನ್ನು ನೆಲಕ್ಕೆ ಊರಿ ನಿಂತು ಹೇಳಿದ:

‘ಮಗಾ, ನಿಮ್ ಚಿಕ್ಕಪ್ಪಂಗೆ ಹೇಳವ್ವ. ಬ್ಯಾರೆ ಕಡೆ ಲೈನ್ ಕೆಲಸ ಅದೆ, ಇವತ್ತೊಂದಿನ ಎಲ್ಡು ಗಂಟೆಗಲ್ಲ, ಹನ್ನೊಂದಕ್ಕೇ ಕೊಡ್ತಾರೆ. ಬಾವಿಗಿಳಿಯೋ ಕೆಲಸ ಇದ್ರೆ ಅಷ್ಟ್ರೊಳಗೆ ಮುಗಿಸ್ಕಳಕೆ ಹೇಳು. ಮರೀಬ್ಯಾಡ.’

‘ಈಗ್ಲೇ ಹೇಳ್ತೀನಿ’ ಎಂದೆ.

ಚಿಕ್ಕಪ್ಪ ಒಳಗೆ ರೊಟ್ಟಿ ತಿನ್ನುತ್ತಿದ್ದ. ನಾನು ನಿಂತಲ್ಲಿಂದ ಬಾಗಿಲಿಗೆ ಹತ್ತು ಹೆಜ್ಜೆ. ಆದರೆ ಆಟದಲ್ಲಿ ಕೊನೆಯ ಮನೆ ಬಾಕಿ ಇತ್ತು, ಬಿಲ್ಲೆ ನನ್ನ ಕೈಯಲ್ಲಿತ್ತು. ಈಗ ಬಿಟ್ಟು ಹೋದರೆ ಆಟ ಅವಳದಾಗುತ್ತದೆ. ಇದೊಂದು ಮುಗಿಸಿ ಹೋಗೋಣ ಎಂದುಕೊಂಡೆ. ಗೆದ್ದೆ. ಗೆದ್ದ ಮೇಲೆ ಅವಳು ಇನ್ನೊಂದಾಟ ಅಂದಳು. ಆಡಿದೆ.

ಎರಡನೇ ಆಟದ ನಡುವೆ ಚಿಕ್ಕಪ್ಪ ಹೊರಗೆ ಬಂದ. ಹೆಗಲ ಮೇಲೆ ಟವೆಲು, ಕೈಯಲ್ಲಿ ಪಾನಾ. ಹೊಸಿಲು ದಾಟಿ, ನನ್ನ ಪಕ್ಕದಲ್ಲೇ ಹಾದು, ನನ್ನ ಜಡೆ ಎಳೆದು, ‘ಫುಟ್‌ವಾಲ್ ಕಟ್ಕಂಡದೆ, ನೋಡ್ಕಂಡು ಈಗ್ ಬಂದೆ ಕಣವ್ವ’ ಎಂದು ಅಜ್ಜಿಗೆ ಕೂಗಿ ಹೇಳಿ ನಡೆದ. ನಾನು ಒಂಟಿಕಾಲಿನಲ್ಲಿ ನಿಂತಿದ್ದೆ. ಚೌಡಣ್ಣನ ಮಾತು ನೆನಪಾಗಿ ತಿರುಗುವಷ್ಟರಲ್ಲಿ ಅವನು ಏಳೆಂಟು ಮಾರು ಮುಂದಿದ್ದ, ಬೆನ್ನು ಈ ಕಡೆ.

‘ಚಿಕ್ಕ…’ ಎಂದಿದ್ದೆ ಅಷ್ಟೆ. ಬಾಗಿಲಲ್ಲಿದ್ದ ಅಜ್ಜಿ ಧಾವಿಸಿ ಬಂದು ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. ಅಂಗೈಯಲ್ಲಿ ಬೂದಿಯ ವಾಸನೆಯಿತ್ತು. ‘ಒಂದ್ಸಲ ಕೂಗಿ ಮಾಡಿದ್ ಸಾಲ್ದೇನೆ ಮುಂಡೇದೆ? ಸುಮ್ಕಿರು. ಅದೇನಿದ್ರೂ ಬಂದ್ಮ್ಯಾಕೆ ಏಳೀವಂತೆ.’

ಸುಮ್ಮನಾದೆ. ನಿಜ ಹೇಳುತ್ತೇನೆ, ಮನಸ್ಸಿಗೆ ಸಮಾಧಾನವೂ ಆಯಿತು. ಅವನೇ ಈಗ ಬಂದೆ ಅಂದಿದ್ದಾನಲ್ಲ, ಹತ್ತು ಗಂಟೆಗೆಲ್ಲ ಬರುತ್ತಾನೆ, ಆಗ ಹೇಳಿದರಾಯಿತು. ಅಜ್ಜಿ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಅವರೆಕಾಯಿ ಸುಲಿಯಲು ಕೂರಿಸಿದಳು. ಹತ್ತಾಯಿತು. ಅವನು ಬರಲಿಲ್ಲ. ಅವನು ದಾರಿಯಲ್ಲಿ ಯಾರದೋ ಗಾಡಿಗೆ ಕಬ್ಬು ಏರಿಸಲು ಕೈಹಾಕಿ ಆಮೇಲೆ ಬಾವಿಗೆ ಹೋಗಿದ್ದನಂತೆ, ಅದು ಗೊತ್ತಾದದ್ದು ಎಷ್ಟೋ ದಿನದ ಮೇಲೆ. ‘ಅಜ್ಜಿ, ನಾನು ಹೊಲುಕ್ಕೆ ಹೋಗಿ ಬತ್ತೀನಿ’ ಎಂದೆ. ‘ಯಾಕೆ? ಅವ್ನೇ ಬತ್ತಾನೆ ಕೂತ್ಕ’ ಎಂದಳು.

ಆಗಲಾದರೂ ಅಜ್ಜಿಗೆ ಹೇಳಬಹುದಿತ್ತು. ಹೀಗೆ ಹೀಗೆ, ಚೌಡಣ್ಣ ಬಂದಿದ್ದ, ಹನ್ನೊಂದಕ್ಕೆ ಕರೆಂಟು ಅಂದ, ಎಂದು ಎರಡು ಮಾತು. ಹೇಳಿದ್ದರೆ ಅಜ್ಜಿಯೇ ಓಡುತ್ತಿದ್ದಳು. ಆದರೆ ಹೇಳಿದರೆ, ಚೌಡಣ್ಣ ಯಾವಾಗ ಬಂದ, ನೀನು ಇಷ್ಟು ಹೊತ್ತು ಏನು ಮಾಡುತ್ತಿದ್ದೆ ಎಂದು ಕೇಳುತ್ತಾಳೆ. ಆಟ ಆಡುತ್ತಿದ್ದೆ ಎನ್ನಬೇಕಾಗುತ್ತದೆ. ಆ ನಾಲ್ಕು ಮಾರ್ಕಿನ ಜೊತೆಗೆ ಇದೂ ಒಂದು ಸೇರುತ್ತದೆ. ಬೈಸಿಕೊಳ್ಳುವ ಹೆದರಿಕೆಗೆ ನಾನು ಬಾಯಿ ಬಿಡಲಿಲ್ಲ. ಸುಲಿದೆ, ಸುಲಿದೆ, ಮೊರ ತುಂಬುವಷ್ಟು ಸುಲಿದೆ.

ಹಿಟ್ಟಿನ ಮಿಲ್ಲು ಗುಂಯ್ ಎಂದಿತು.

ಅಜ್ಜಿ ತಲೆಯೆತ್ತಿ, ‘ಇದೇನ್ ಇಷ್ಟೊತ್ನಲ್ಲಿ ಕರೆಂಟು?’ ಎಂದಳು. ಅವಳ ಮುಖದಲ್ಲಿ ಬರೀ ಆಶ್ಚರ್ಯ. ನನ್ನ ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು. ಎದ್ದು ಓಡಿದೆ. ಬೀದಿ ದಾಟಿ, ನಾಲೆಯ ಏರಿ ಹತ್ತಿ, ಬದುವಿನ ಮೇಲೆ ಬಿದ್ದು ಎದ್ದು ಓಡಿದೆ. ಮೇಲಿನ ಹೊಲ ಇನ್ನೂ ಕಾಣುವ ಮೊದಲೇ ಆ ಕಡೆಯಿಂದ ಗಂಡಸರ ಕೂಗು ಕೇಳಿಸಿತು. ಚಿಕ್ಕಪ್ಪ ಸೊಂಟದವರೆಗಿನ ನೀರಿನಲ್ಲಿ ನಿಂತು, ಕಬ್ಬಿಣದ ಪೈಪು ತಬ್ಬಿಕೊಂಡು ಅದರ ಬುಡದ ಫುಟ್‌ವಾಲಿಗೆ ಕೈಹಾಕಿದ್ದನಂತೆ. ಮೇಲೆ ಮೋಟರಿನ ಬಳಿ ವೈರಿನ ಜಾಯಿಂಟು ಸವೆದು ಪೈಪಿಗೆ ತಾಗಿತ್ತು. ಆಟೋ ತನ್ನ ಕೆಲಸ ಮಾಡಿತು. ಪಕ್ಕದ ಹೊಲದವರು ಫ್ಯೂಸು ಕಿತ್ತು ಅವನನ್ನು ಮೇಲೆತ್ತುವಷ್ಟರಲ್ಲಿ ಏನೂ ಉಳಿದಿರಲಿಲ್ಲ. ನನ್ನನ್ನು ಹತ್ತಿರ ಬಿಡಲಿಲ್ಲ. ಬಾವಿಯ ಕಟ್ಟೆಯ ಮೇಲೆ ಅವನ ಟವೆಲು ಮಡಿಸಿಟ್ಟಂತೆಯೇ ಇತ್ತು, ಅದೊಂದನ್ನು ನೋಡಿದೆ.

ಮನೆ ಮುಂದೆ ಚಾಪೆಯ ಮೇಲೆ ಮಲಗಿಸಿದ್ದರು. ಊರೇ ಸೇರಿತ್ತು. ಅಪ್ಪ ಮಳವಳ್ಳಿಯಿಂದ ಬರುವ ಹೊತ್ತಿಗೆ ಮೂರು ಗಂಟೆ. ಚೌಡಣ್ಣ ಒಂದು ಮೂಲೆಯಲ್ಲಿ ತಲೆಗೆ ಕೈಕೊಟ್ಟು ಕೂತಿದ್ದವನು ಅಪ್ಪನನ್ನು ನೋಡಿ ಎದ್ದು ಬಂದ. ‘ನಾನು ಹೇಳಿ ಹೋಗಿದ್ದೆ ಕಣಣ್ಣ. ಹನ್ನೊಂದಕ್ಕೆ ಅಂತ ನಿಮ್ ಮಗೀಗೆ ಹೇಳಿ ಹೋಗಿದ್ದೆ. ಹೇಳವ್ವ, ಹೇಳಿದ್ನೋ ಇಲ್ವೋ?’

ಎಲ್ಲರೂ ನನ್ನ ಕಡೆ ತಿರುಗಿದರು. ಅಜ್ಜಿ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಒಂದೇ ಒಂದು ಸಲ ನನ್ನ ಮುಖ ನೋಡಿದಳು. ಬೆಳಗ್ಗೆ ನನ್ನ ಬಾಯಿಯಲ್ಲಿದ್ದ ಮಾತು ಯಾವುದೆಂದು ಅವಳಿಗೆ ಆಗ ತಿಳಿಯಿತು.

‘ಮಗ ನಂಗೆ ಏಳ್ತು’ ಎಂದಳು ಅಜ್ಜಿ. ‘ಆಗ್ಲೇ ಬಂದು ಏಳ್ತು. ನಾನೇ ನಂಜಂಗೆ ಏಳೋದ ಮರ್ತ್‌ಬುಟ್ಟೆ.’

ಅಪ್ಪ ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಕೇಳಿದರು, ‘ಒಂದ್ ಮಾತು ಹೇಳಕ್ಕಾಗ್ನಿಲ್ವ ನಿಂಗೆ?’ ಅದು ಅಪ್ಪ ಅವಳ ಜೊತೆ ಆಡಿದ ಕೊನೆಯ ಮಾತು.

ಉತ್ಪ್ರೇಕ್ಷೆ ಅಲ್ಲ. ಅದಾದ ಮೇಲೆ ಹನ್ನೊಂದು ವರ್ಷ ಅಜ್ಜಿ ಅದೇ ಮನೆಯಲ್ಲಿದ್ದಳು. ಅಪ್ಪ ಅವಳಿಗೆ ಸೀರೆ ತಂದರು, ಕಣ್ಣಿನ ಆಪರೇಶನ್ ಮಾಡಿಸಿದರು, ಯಾವುದಕ್ಕೂ ಕಮ್ಮಿ ಮಾಡಲಿಲ್ಲ. ಆದರೆ ‘ಅವ್ವ’ ಎಂದು ಕರೆಯಲಿಲ್ಲ, ಮುಖ ನೋಡಿ ಮಾತಾಡಲಿಲ್ಲ. ಹೇಳುವುದೇನಾದರೂ ಇದ್ದರೆ ನನ್ನನ್ನು ಕರೆಯುತ್ತಿದ್ದರು. ‘ನಿಮ್ಮಜ್ಜಿಗೆ ಹೇಳು, ನಾಳೆ ಡಾಕ್ಟ್ರತ್ರ ಹೋಗ್ಬೇಕು.’ ‘ನಿಮ್ಮಜ್ಜಿನ ಕೇಳು, ಕಾಲ್ನೋವು ಹೆಂಗದೆ ಅಂತ.’ ಅಪ್ಪನ ಮಾತನ್ನು ಅಜ್ಜಿಗೆ ಮುಟ್ಟಿಸುವ ಕೆಲಸ ನನ್ನದಾಯಿತು. ಹನ್ನೊಂದು ವರ್ಷದಲ್ಲಿ ಒಂದನ್ನೂ ಮರೆಯಲಿಲ್ಲ, ಒಂದನ್ನೂ ತಡ ಮಾಡಲಿಲ್ಲ.

ಹೇಳಿಬಿಡಬೇಕು ಎಂದು ಎಷ್ಟು ಸಲ ಅಂದುಕೊಂಡೆನೋ. ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ಒಮ್ಮೆ ಹಿತ್ತಲಲ್ಲಿ ಅಜ್ಜಿಯ ಕಾಲು ಹಿಡಿದುಕೊಂಡು, ‘ಅಪ್ಪಂಗೆ ಎಲ್ಲಾ ಹೇಳ್ಬುಡ್ತೀನಿ ಅಜ್ಜಿ. ನಾನು ಆಟ ಆಡ್ಕಂಡು ಕೂತಿದ್ದೆ, ಅದುನ್ನೂ ಹೇಳ್ತೀನಿ’ ಎಂದೆ. ಆಟದ ಸಂಗತಿ ಅಜ್ಜಿಗೆ ಗೊತ್ತಾಗಿದ್ದು ಆಗಲೇ. ಬೈಯಲಿಲ್ಲ. ನನ್ನ ಕೈ ಬಿಡಿಸಿ ಪಕ್ಕದಲ್ಲಿ ಕೂರಿಸಿಕೊಂಡಳು. ಆಮೇಲೆ, ‘ಬಾಯಿ ಮುಚ್ಚಿದ್ ಕೈ ನಂದಲ್ವೇನೆ’ ಎಂದಳು. ‘ಈಗ್ ಬ್ಯಾಡ. ನಿಮ್ಮಪ್ಪ ನನ್ ಮ್ಯಾಲೆ ಮುನಿಸ್ಕಂಡ್ರೂ ಇಟ್ಟಿಕ್ತಾನೆ. ನಿನ್ ಮ್ಯಾಲೆ ಮುನಿಸ್ಕಂಡ್ರೆ ನಿನ್ ಓದು ಬುಡುಸ್ತಾನೆ. ವಸಿ ದಿನ ಓಗ್ಲಿ.’

ವಸಿ ದಿನ ಹೋಯಿತು. ಇನ್ನೂ ವಸಿ ದಿನ ಹೋಯಿತು. ಪಿಯುಸಿ ಮುಗಿಯಲಿ, ಡಿಗ್ರಿ ಮುಗಿಯಲಿ ಎಂದು ನಾನೇ ಹೊಸ ಹೊಸ ಗಡುವು ಹಾಕಿಕೊಂಡೆ. ಇಂಗ್ಲಿಷನ್ನೇ ಆರಿಸಿಕೊಂಡು ಎಂ.ಎ.ಗೆ ಮೈಸೂರಿಗೆ ಹೋದೆ. ಯಾಕೆ ಇಂಗ್ಲಿಷ್ ಎಂದು ಯಾರಾದರೂ ಕೇಳಿದರೆ ಕೆಲಸ ಬೇಗ ಸಿಗುತ್ತದೆ ಎನ್ನುತ್ತಿದ್ದೆ.

ಅಲ್ಲಿನ ಲೈಬ್ರರಿಯಲ್ಲಿ ಒಂದು ಸಂಜೆ, ಪದಗಳ ಹುಟ್ಟು ಹೇಳುವ ದಪ್ಪ ನಿಘಂಟಿನಲ್ಲಿ ಏನನ್ನೋ ಹುಡುಕುತ್ತ ‘ಸೂನ್’ ಎಂಬಲ್ಲಿಗೆ ಬಂದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಅದು ‘ಸೋನ’. ಅರ್ಥ: ಕೂಡಲೇ, ಈ ಗಳಿಗೆಯಲ್ಲೇ. ಆಗ ಸೂನ್ ಬರುತ್ತೇನೆ ಅಂದವನು ಆಗಲೇ ಎದ್ದು ನಿಂತಿರುತ್ತಿದ್ದ. ಆಮೇಲೆ ಜನ ಸೂನ್ ಎನ್ನುತ್ತ, ಎನ್ನುತ್ತ ತಡ ಮಾಡಿದರು. ಆಡಿದವರು ತಡ ಮಾಡಿದಂತೆಲ್ಲ ಮಾತೂ ಹಿಂದೆ ಸರಿದು ‘ಸ್ವಲ್ಪ ಹೊತ್ತಿನಲ್ಲಿ’ ಎಂದಾಯಿತು. ಹಾಳೆ ತಿರುವುತ್ತ ಹೋದೆ. ‘ಅನಾನ್’ ಎಂಬ ಹಳೆಯ ಪದ, ಹುಟ್ಟಿದಾಗ ಅದರ ಅರ್ಥ ‘ಒಂದೇ ಏಟಿಗೆ’ ಎಂಬಂಥದ್ದು. ಅದೂ ‘ಆಮೇಲೆ’ ಆಯಿತು. ‘ಪ್ರೆಸೆಂಟ್ಲಿ’ ಎಂದರೆ ಮೊದಲು ಈಗಿಂದೀಗಲೇ, ಅದೂ ಜಾರಿ ‘ಇನ್ನೇನು’ ಎಂದಾಯಿತು. ‘ಬೈ ಅಂಡ್ ಬೈ’ ಕೂಡ ಹಾಗೆಯೇ. ಕೂಡಲೇ ಎಂಬ ಅರ್ಥದ ಆ ಹಳೆಯ ಮಾತುಗಳಲ್ಲಿ ಒಂದೂ ತನ್ನ ಜಾಗದಲ್ಲಿ ನಿಂತಿರಲಿಲ್ಲ. ಒಂದು ಸವೆದಾಗ ಇನ್ನೊಂದನ್ನು ತಂದಿದ್ದರು, ಅದನ್ನೂ ಸವೆಸಿದ್ದರು. ನಮ್ಮಲ್ಲೂ ‘ಈಗ ಬಂದೆ’ ಎನ್ನುವವರು ಯಾರು ಈಗ ಬರುತ್ತಾರೆ? ಪಂಡಿತರಿಗೆ ಇದು ಅರ್ಥವ್ಯತ್ಯಾಸದ ಒಂದು ಉದಾಹರಣೆ. ನನಗೆ ಮಾತ್ರ ಇಡೀ ಒಂದು ದೇಶದ ಜನ ನನ್ನ ಹಾಗೆಯೇ ಒಂಟಿಕಾಲಿನಲ್ಲಿ ನಿಂತು ಇದೊಂದು ಆಟ ಮುಗಿಸಿ ಹೇಳುತ್ತೇನೆ ಎಂದಂತೆ ಕಂಡಿತು.

ಪುಸ್ತಕ ಮುಚ್ಚಿದಾಗ ನಿರ್ಧಾರ ಮಾಡಿದ್ದೆ. ಈ ಶನಿವಾರ ಊರಿಗೆ ಹೋಗುವುದು, ಅಪ್ಪನನ್ನು ಕೂರಿಸಿಕೊಂಡು ಹೇಳಿಬಿಡುವುದು. ಶುಕ್ರವಾರ ನೋಟೀಸು ಬೋರ್ಡಿನಲ್ಲಿ ಸೋಮವಾರದ ಟೆಸ್ಟು ಹಾಕಿದರು. ಮುಂದಿನ ಶನಿವಾರ ಹೋದರಾಯಿತು ಎಂದುಕೊಂಡೆ. ಅಜ್ಜಿ ಆ ಶನಿವಾರಕ್ಕೆ ಎರಡು ದಿನ ಮೊದಲು, ಗುರುವಾರ ತೀರಿಹೋದಳು. ರೊಟ್ಟಿ ತಟ್ಟುತ್ತಿದ್ದವಳು ಹಾಗೇ ಒರಗಿದಳಂತೆ. ಅಪ್ಪ ಕೊಳ್ಳಿ ಇಟ್ಟರು, ತಿಥಿ ಮಾಡಿದರು, ತಲೆ ಬೋಳಿಸಿಕೊಂಡರು. ಆ ಹನ್ನೊಂದು ದಿನವೂ ಅವರ ಬಾಯಿಂದ ‘ಅವ್ವ’ ಎಂಬ ಆ ಒಂದು ಮಾತು ಬರುತ್ತದೇನೋ ಎಂದು ನಾನು ಪಕ್ಕದಲ್ಲೇ ಇದ್ದೆ. ಬರಲಿಲ್ಲ.

ಇನ್ನು ಹೇಳಿ ಏನು ಪ್ರಯೋಜನ ಎಂಬ ಹೊಸ ನೆಪ ಸಿಕ್ಕಿತು. ಅದು ಬಹಳ ಕಾಲ ಬಾಳಿಕೆ ಬಂತು.

ಈಗ ನಾನು ಮಳವಳ್ಳಿಯ ಒಂದು ಕಾಲೇಜಿನಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಅಪ್ಪ ಅಮ್ಮ ನನ್ನ ಜೊತೆಗೇ ಇದ್ದಾರೆ. ಊರಿನ ಬಾವಿಯನ್ನು ಮುಚ್ಚಿಸಿ ಎಷ್ಟೋ ವರ್ಷವಾಯಿತು. ಕರೆಂಟಿನ ಹೊತ್ತು ಮೊಬೈಲಿಗೆ ಬರುತ್ತದೆ. ಹೊಸಿಲು ದಾಟಿದವರನ್ನು ಹಿಂದಿನಿಂದ ಕೂಗಬಾರದು ಎಂದರೆ ನನ್ನ ಮಕ್ಕಳು ನಗುತ್ತಾರೆ. ಬಸ್ಸು ಹತ್ತಿದವರಿಗೂ, ಮದ್ದೂರು ದಾಟಿದವರಿಗೂ ಫೋನು ಮಾಡಿ ಕೂಗುತ್ತಾರೆ, ಯಾರೂ ವಾಪಸ್ ಬಂದು ನೀರು ಕುಡಿಯುವುದಿಲ್ಲ. ಅದು ಒಳ್ಳೆಯದೇ. ಆ ಕಾಲ ಮತ್ತೆ ಬರಲಿ ಎಂದು ನಾನು ಯಾವತ್ತೂ ಆಸೆಪಟ್ಟಿಲ್ಲ.

ಹೋದ ವರ್ಷ, ಒಂದು ಮಧ್ಯಾಹ್ನ, ಕೊನೆಗೂ ಅಪ್ಪನಿಗೆ ಹೇಳಿದೆ. ವಿಶೇಷವಾದ ಕಾರಣ ಏನೂ ಇರಲಿಲ್ಲ. ಅಪ್ಪನಿಗೆ ಎಪ್ಪತ್ತೆರಡು, ನನಗೆ ಹೆದರಿಕೆ ಶುರುವಾಗಿತ್ತು ಅಷ್ಟೆ. ಊಟವಾಗಿತ್ತು, ಅವರು ಕುರ್ಚಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಚೌಡಣ್ಣ ಬಂದದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಎರಡು ಆಟ ಆಡಿದ್ದನ್ನು ಹೇಳಿದೆ. ಅಜ್ಜಿ ಬಾಯಿ ಮುಚ್ಚಿದ್ದನ್ನು, ಅವಳಿಗೆ ಸಂಗತಿಯೇ ಗೊತ್ತಿರದಿ‌ದ್ದುದನ್ನು, ಎಲ್ಲರ ಮುಂದೆ ಅವಳು ಸುಳ್ಳು ಹೇಳಿ ನನ್ನನ್ನು ಉಳಿಸಿದ್ದನ್ನು ಹೇಳಿದೆ. ಮೈಸೂರಿನಿಂದ ಬರಬೇಕೆಂದುಕೊಂಡ ಶನಿವಾರವನ್ನೂ ಬಿಡಲಿಲ್ಲ. ಸುಣ್ಣ ಹಚ್ಚಿದ ಎಲೆ ಕೈಯಲ್ಲೇ ಒಣಗಿತು.

ಬೈಯುತ್ತಾರೆ ಎಂದುಕೊಂಡಿದ್ದೆ. ಹೊಡೆಯಲಿ ಎಂದೂ ಅನ್ನಿಸಿತ್ತು. ಅವರು ಎಲೆಯನ್ನು ತಟ್ಟೆಯಲ್ಲಿಟ್ಟು, ಕನ್ನಡಕ ತೆಗೆದು, ಪಂಚೆಯ ತುದಿಯಿಂದ ಬಹಳ ಹೊತ್ತು ಒರೆಸಿದರು. ‘ನೀನು ಮಗೀ. ಆಟ ಆಡೋ ಮಗೀ. ನಂಜನ್ನ ನೀನು ಕೊಂದೆ ಅಂತ ನಾನು ಅವತ್ತೂ ಅಂತಿರ್ನಿಲ್ಲ’ ಎಂದರು.

ನಾನು ಅಳುತ್ತಿದ್ದೆ. ಅವರು ನನ್ನ ಕಡೆ ನೋಡದೆ ಬಾಗಿಲ ಕಡೆ ನೋಡುತ್ತ ಹೇಳಿದರು:

‘ಅವ್ವ ಸಾಯೋಕೆ ಒಂದಿನ ಮುಂಚೆ ಹೇಳಿದ್ರೂ ಸಾಕಾಗಿತ್ತು ಕಣವ್ವ. ಒಂದ್ಸಲ ಅವ್ವ ಅಂತ ಕರೀತಿದ್ದೆ.’